ಎರಡನೆಯ ಕಂಬದ ಬಳಿಯ ಬಿಳಿ ಹೆಣ್ಣು

ಬೇಗೂರಿನಲ್ಲಿ ನಮ್ಮ ಬೀದಿ ಮುಗಿದು ಹೊಲ ಶುರುವಾಗುವ ಕಡೆ ಒಂದು ಪಂಪ್‌ಸೆಟ್ ಮನೆ ಇದೆ. ಅದನ್ನು ದಾಟಿದ ಮೇಲೆ ಸಿಗುವ ಎರಡನೆಯ ವಿದ್ಯುತ್ ಕಂಬದ ಬುಡದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ, ಬಲಗೈಯಲ್ಲಿ ಖಾಲಿ ಹಾಲಿನ ಕ್ಯಾನು ಹಿಡಿದು ನಾನು ನಿಂತಿದ್ದೆ. ಶಾಲೆ ತೆರೆದ ಮೂರನೆಯ ವಾರದ ಗುರುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ನನ್ನ ಗಡಿಯಾರ ಎರಡು ನಿಮಿಷ ಮುಂದಿದೆ; ಆರು ಹದಿನೆಂಟು ಎಂದು ಬರೆದುಕೊಂಡರೂ ತಪ್ಪಿಲ್ಲ. ಸೂರ್ಯ ನನ್ನ ಬೆನ್ನಿಗಿದ್ದ. ಮಂಜಿರಲಿಲ್ಲ. ಮಂಜಿರಲಿಲ್ಲ ಎಂಬುದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಒಂದು ಕಡೆ ನಾನೇ ಅದನ್ನು ಅಲ್ಲಗಳೆಯಲಿದ್ದೇನೆ.

ಇಷ್ಟು ವಿವರ ಕೊಡುವುದು ನನ್ನ ದುರಭ್ಯಾಸ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅದಕ್ಕಿಂತ ಹೆಚ್ಚಾಗಿ ನಮ್ಮ ಬೀದಿಯ ಖಾಯಂ ಪಂಚ. ಕಳವಾಗಲಿ, ಅಪಘಾತವಾಗಲಿ, ಬದುವಿನ ತಕರಾರಾಗಲಿ, ಸ್ಥಳದಲ್ಲೇ ಮಹಜರು ಬರೆಯುವಾಗ 'ಕಣ್ಣಾರೆ ಕಂಡಿದ್ದೇವೆ' ಎಂದು ರುಜು ಹಾಕಲು ಊರಿನ ಇಬ್ಬರು ಬೇಕಲ್ಲ, ಅವರಲ್ಲಿ ಒಬ್ಬ ಸಾಮಾನ್ಯವಾಗಿ ನಾನಾಗಿರುತ್ತೇನೆ. ಅಕ್ಷರ ದುಂಡಾಗಿದೆ, ಕರೆದರೆ ಬರುತ್ತಾರೆ, ಸುಳ್ಳು ಹೇಳುವುದಿಲ್ಲ ಎಂಬ ಮೂರು ಕಾರಣಗಳನ್ನು ಊರವರು ಕೊಡುತ್ತಾರೆ. ನನ್ನ ಹೆಂಡತಿ ಸರೋಜ ನಾಲ್ಕನೆಯದನ್ನು ಸೇರಿಸುತ್ತಾಳೆ: ಮನೆಯಲ್ಲಿ ಇವರಿಗೆ ಬೇರೆ ಕೆಲಸವಿಲ್ಲ. ಒಮ್ಮೆ ಹೆದ್ದಾರಿಯಲ್ಲಿ ಒಂದು ಬೈಕು ಎಮ್ಮೆಗೆ ಗುದ್ದಿದಾಗ ನಾನು ಹೆಜ್ಜೆ ಅಳೆದು, ಎಮ್ಮೆ ರಸ್ತೆಯ ಎಡಬದಿಯಲ್ಲೇ ಇತ್ತೆಂದೂ, ನಿಯಮ ತಪ್ಪಿದ್ದು ಬೈಕಿನವನೆಂದೂ ಬರೆಸಿದ್ದೆ. ಆ ಎಮ್ಮೆಯ ಮಾಲೀಕ ಈಗಲೂ ನನ್ನನ್ನು ಕಂಡರೆ ಹೆಗಲಿನ ಟವೆಲ್ ತೆಗೆಯುತ್ತಾನೆ.

ಆ ಗುರುವಾರ ನಾನು ಕಂಡದ್ದು ಇದು. ಕಂಬದಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಗುರುಮಲ್ಲಪ್ಪನವರ ಹೊಲದ ಬದು. ಬದುವಿನ ಮೇಲೆ ಕತ್ತಾಳೆ, ಅದನ್ನು ನುಂಗಿಕೊಂಡು ಬೆಳೆದ ಲಂಟಾನದ ದೊಡ್ಡ ಪೊದೆ. ಹೊಲದಲ್ಲಿ ಸೂರ್ಯಕಾಂತಿ ಆಗಷ್ಟೇ ಎರಡೆಲೆ ಬಿಟ್ಟಿತ್ತು. ಆ ಎಳೆ ಮೊಳಕೆಗಳ ನಡುವೆ ಆರು ನವಿಲುಗಳು ನಿಂತಿದ್ದವು, ಎರಡು ಗಂಡು, ನಾಲ್ಕು ಹೆಣ್ಣು. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಕಡೆ ನವಿಲಿಗೂ ಕೋಳಿಗೂ ಇರುವ ವ್ಯತ್ಯಾಸ, ಒಂದನ್ನು ಬೈದರೆ ಪಾಪ ಬರುತ್ತದೆ ಎಂಬುದು ಮಾತ್ರ. ಆದರೆ ಮೊಳಕೆಯ ನಡುವೆ ನಿಂತ ನವಿಲು ಮೊಳಕೆ ಕೀಳುತ್ತಿರಬೇಕು. ಈ ಆರೂ ಕೀಳುತ್ತಿರಲಿಲ್ಲ. ಆರೂ ಕತ್ತೆತ್ತಿ ಪೊದೆಯ ಕಡೆಗೇ ಮುಖ ಮಾಡಿ, ಶಾಲೆಯ ಪ್ರಾರ್ಥನೆಗೆ ನಿಂತವರ ಹಾಗೆ ನಿಂತಿದ್ದವು. ನಾನೂ ಆ ಕಡೆ ನೋಡಿದೆ. ಪೊದೆಯ ಮೇಲೆ ಒಂದು ಬಿಳಿ ಕತ್ತು, ಬಿಳಿ ಬೆನ್ನು. ಸುಣ್ಣದ ಬಿಳಿಯಲ್ಲ, ಹಾಲಿನ ಬಿಳಿಯೂ ಅಲ್ಲ. ತೊಳೆದು ತೊಳೆದು ಸವೆದ ಪಂಚೆಯ ಬಿಳಿ. ಅದು ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ಹನ್ನೊಂದು ಸಲ ಉಸಿರಾಡಿದೆ, ಎಣಿಸಿದ್ದೇನೆ. ಆಮೇಲೆ ಅದು ಹಾರಲಿಲ್ಲ, ನಡೆಯಲೂ ಇಲ್ಲ. ನೀರಿಗಿಳಿಯುವವರ ಹಾಗೆ ಅಲ್ಲೇ ಕೆಳಗಿಳಿದು ಪೊದೆಯೊಳಗೆ ಹೋಯಿತು. ಒಂದು ಎಲೆಯೂ ಅಲುಗಲಿಲ್ಲ. ಅದು ಹೋದ ಮೇಲೆ ಆರು ನವಿಲುಗಳೂ ಒಟ್ಟಿಗೆ ತಲೆ ತಗ್ಗಿಸಿ ಮೊಳಕೆ ಕೀಳತೊಡಗಿದವು.

ನಾನು ವಿಜ್ಞಾನದವನು, ಹೆದರಬಾರದು. ಹೆದರಲಿಲ್ಲ ಎಂದೇ ಮನೆಗೆ ಬಂದು ಸರೋಜಳಿಗೆ ಹೇಳಿದೆ. ಅವಳು ನನ್ನ ಎರಡು ಕೈಗಳನ್ನೂ ನೋಡಿ, "ಕ್ಯಾನೆಲ್ರೀ?" ಎಂದಳು. ಕ್ಯಾನು ಎರಡನೆಯ ಕಂಬದ ಬುಡದಲ್ಲಿತ್ತು. ಅಂದು ನಮ್ಮ ಮನೆಯಲ್ಲಿ ಕರಿ ಕಾಫಿ.

ಶಾಲೆಗೆ ಹೋಗುವಾಗ ದಾರಿಯುದ್ದಕ್ಕೂ ನನಗೆ ನಾನೇ ಪಾಠ ಮಾಡಿಕೊಂಡೆ. ಪ್ರಪಂಚದಲ್ಲಿ ನವಿಲುಗಳು ಮೂರೇ ಜಾತಿ. ನಮ್ಮದು ನೀಲಿ ಕತ್ತಿನದು. ಗಂಡಿಗೆ ಮಾತ್ರ ನೀಲಿ, ಹೆಣ್ಣು ಕಂದು, ಕುತ್ತಿಗೆಯಲ್ಲಿ ಸ್ವಲ್ಪ ಹಸಿರಿನ ಹೊಳಪು. ಎರಡನೆಯದು ಬರ್ಮಾ, ಜಾವಾ ಕಡೆಯ ಹಸಿರು ನವಿಲು. ಅದರಲ್ಲಿ ಹೆಣ್ಣೂ ಗಂಡೂ ಸುಮಾರಾಗಿ ಒಂದೇ ಬಣ್ಣ, ಆದ್ದರಿಂದ ಅಲ್ಲಿ ಹೆಣ್ಣಿಗೆ ಅನ್ಯಾಯವಾಗಿಲ್ಲ ಎಂದು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನ ಹುಡುಗಿಯರು ತಲೆದೂಗುತ್ತಾರೆ. ಮೂರನೆಯದು ಆಫ್ರಿಕಾದ ಕಾಂಗೋ ಕಾಡಿನದು, ಗಾತ್ರದಲ್ಲಿ ಚಿಕ್ಕದು, ಹರಡುವ ಉದ್ದ ಗರಿಗಳೂ ಅದಕ್ಕಿಲ್ಲ. ಈ ಮೂರನೆಯದರ ಕಥೆ ನನಗೆ ಬಹಳ ಇಷ್ಟ. ಅಲ್ಲಿಯ ಕಾಡುಜನರ ತಲೆಯುಡುಗೆಯಲ್ಲಿ ಒಬ್ಬ ಪಂಡಿತ ಒಂದು ಗರಿ ಕಂಡ. ಅದು ಯಾವ ಹಕ್ಕಿಯದೆಂದು ತಿಳಿಯದೆ ವರ್ಷಗಟ್ಟಲೆ ಇಟ್ಟುಕೊಂಡಿದ್ದ. ಕೊನೆಗೆ ಒಂದು ವಸ್ತುಸಂಗ್ರಹಾಲಯದಲ್ಲಿ ಯಾರೂ ನೋಡದ ಕಡೆ ಅದೇ ಗರಿಯ ಎರಡು ಹಕ್ಕಿಗಳು ಹುಲ್ಲು ತುಂಬಿಸಿಕೊಂಡು ನಿಂತಿದ್ದವಂತೆ. ಕೆಳಗೆ ಚೀಟಿ: ಮಾಮೂಲಿ ನವಿಲು, ಇನ್ನೂ ಎಳೆಯದು. ಯಾರೋ ಒಬ್ಬ ನನ್ನಂಥವನು ಖಚಿತವಾಗಿ ಬರೆದ ತಪ್ಪು ಚೀಟಿಯ ಹಿಂದೆ ಒಂದು ಜಾತಿಗೆ ಜಾತಿಯೇ ಅಡಗಿತ್ತು. ಮೂರು ಜಾತಿಗೂ ತಲೆಯ ಮೇಲೆ ಜುಟ್ಟುಂಟು. ನಮ್ಮದಕ್ಕೆ ಬೀಸಣಿಗೆಯಂತೆ ಬಿಡಿಸಿದ ಕಡ್ಡಿಗಳು, ಹಸಿರಿನದಕ್ಕೆ ಒಟ್ಟಾಗಿ ನೆಟ್ಟಗೆ ನಿಂತದ್ದು, ಕಾಂಗೋದ್ದು ಇನ್ನೊಂದು ಬಗೆ. ಆದರೆ ಜುಟ್ಟಿಲ್ಲದ ನವಿಲಿಲ್ಲ. ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ.

ಇನ್ನು ಬಿಳಿ ನವಿಲು. ಅದು ನಾಲ್ಕನೆಯ ಜಾತಿಯಲ್ಲ. ನಮ್ಮ ನೀಲಿ ನವಿಲೇ, ಹುಟ್ಟುವಾಗ ಬಣ್ಣ ಬಾರದೆ ಬಿಳಿಯಾಗುತ್ತದೆ, ಅಷ್ಟೆ. ಸಾಕುವ ಕಡೆ ಅವನ್ನು ಕಾಣಬಹುದು, ಕಾಡಿನಲ್ಲಿ ಬಲು ಅಪರೂಪ. ಸೂರ್ಯ ಬೆನ್ನಿಗಿದ್ದಾಗ, ಹನ್ನೆರಡು ಹೆಜ್ಜೆಯಲ್ಲಿ, ನಾನು ಕಂಡದ್ದು ಬಿಳಿ ನವಿಲು. ಹರಡುವ ಗರಿ ಕಾಣಲಿಲ್ಲವಾದ್ದರಿಂದ ಹೆಣ್ಣು. ಶಾಲೆಯ ಗೇಟು ಬರುವ ಹೊತ್ತಿಗೆ ನನಗೆ ಸಮಾಧಾನವಾಗಿತ್ತು. ತರಗತಿಯಲ್ಲಿ ಮಾತ್ರ ಸೀಮೆಸುಣ್ಣ ಎರಡು ಸಲ ಬಿತ್ತು.

ತಪ್ಪಾದದ್ದು ಸಂಜೆ, ಬಾಲಣ್ಣನ ಚಹಾದಂಗಡಿಯಲ್ಲಿ. ಬಾಲಣ್ಣ ಘಟ್ಟದ ಆಚೆಯ ಮಲಯಾಳಿ. ಹೆದ್ದಾರಿ ಬದಿಯಲ್ಲಿ ಅಂಗಡಿಯಿಟ್ಟು ಎಷ್ಟೋ ವರ್ಷವಾಗಿದೆ. ಹೂವಿನ ಹೊಲ ನೋಡಲು ಕಾರಿನಲ್ಲಿ ಬರುವ ಅವನ ಊರಿನವರಿಗೆ ಅವನೇ ದಾರಿ ಹೇಳುವುದು. ಬೆಳಿಗ್ಗೆ ಕಂಬದ ಹತ್ತಿರ ಏನನ್ನೋ ನೋಡಿ ಮರಗಟ್ಟಿ ನಿಂತಿದ್ದಿರಂತೆ, ಏನದು, ಎಂದು ಅವನೇ ಕೇಳಿದ. ನಾನು ಯೋಚಿಸಿ, ಅಳೆದು, ಒಂದು ಪದ ಹೆಚ್ಚಿಲ್ಲದಂತೆ ಉತ್ತರ ಕೊಟ್ಟೆ: "ಗಂಡಲ್ಲ, ಹೆಣ್ಣು. ಬಿಳಿ."

ಒಂದು ಪದ ಹೆಚ್ಚಿರಲಿಲ್ಲ ನಿಜ. ಒಂದು ಪದ ಕಡಮೆಯಿತ್ತು. ಇಡೀ ದಿನ ತಲೆಯಲ್ಲಿ ನವಿಲೇ ತುಂಬಿಕೊಂಡಿದ್ದವನಿಗೆ ನವಿಲು ಎಂದು ಬಾಯಿಬಿಟ್ಟು ಹೇಳಬೇಕೆಂದು ಹೊಳೆಯಲೇ ಇಲ್ಲ.

ನಮ್ಮ ಕಡೆ ಹಕಾರ ಬಾಯಿಗೆ ಬರುವುದಿಲ್ಲ. ಹೆಣ್ಣು ಎನ್ನುವುದು ಅಂಗಡಿಯ ಬೆಂಚಿನ ಮೊದಲ ತುದಿಯಲ್ಲೇ 'ಎಣ್ಣು' ಆಯಿತು. ಬಾಲಣ್ಣನ ಭಾಷೆಯಲ್ಲಿ ಅದು 'ಪೆಣ್ಣ್', ಅಲ್ಲಿ ಹೆಂಗಸೆಂದೇ ಅರ್ಥ. ಬಿಳಿ ಹೆಂಗಸು ಎಂದರೆ ಅವನ ಊರಿನಲ್ಲಿ ಯಕ್ಷಿ, ನಮ್ಮ ಮೋಹಿನಿ ದೆವ್ವದಂಥವಳು; ಯಕ್ಷಿಯೆಂದರೆ ಬಿಳಿ ಸೀರೆ. ನಾನು ಚಹಾ ಕುಡಿದು ಎದ್ದು ಹೋದ ಮೇಲೆ ಆ ಹೆಣ್ಣಿಗೆ ಸೀರೆ ಉಡಿಸಿದವನು ಬಾಲಣ್ಣ. ಗುಂಡ್ಲುಪೇಟೆಯ ಬಸ್ಸು ಹೊರಡುವಷ್ಟರಲ್ಲಿ ಅವಳ ಕೂದಲು ಬಿಚ್ಚಿತ್ತು. ಮರುದಿನ ಕಾಲಿಗೆ ಗೆಜ್ಜೆ ಬಂತು. ಶನಿವಾರದ ಹೊತ್ತಿಗೆ ಅವಳು ಅಳುತ್ತಿದ್ದಳು. ನಮ್ಮ ಜನ ನವಿಲಿನ ಕೂಗಿಗೆ ಬೆದರುವಷ್ಟು ದಡ್ಡರಲ್ಲ, ದಿನವೂ ಕೇಳುತ್ತಾರೆ. ಆದರೆ ಮೇಷ್ಟ್ರು ನೋಡಿದ್ದಾರೆ ಎಂದ ಮೇಲೆ ಅದೇ ಕೂಗಿನಲ್ಲಿ ಅವರಿಗೆ ಬೇರೇನೋ ಕೇಳತೊಡಗಿತು. ದಾರಿಯಲ್ಲಿ ಸಿಕ್ಕಿದವರೆಲ್ಲ ನನ್ನನ್ನು ನಿಲ್ಲಿಸಿ, ಬಿಳಿ ಎಣ್ಣು ನೋಡಿದ್ದು ನಿಜವೇ ಎಂದು ಕೇಳುವರು. ನಾನು ಗಂಭೀರವಾಗಿ, "ನಿಜ. ಆರು ಇಪ್ಪತ್ತಕ್ಕೆ," ಎನ್ನುವೆ. ಊರಿಗೆ ಪಕ್ಷಿಗಳ ಮೇಲೆ ಇಷ್ಟು ಆಸಕ್ತಿ ಇದೆಯಲ್ಲ ಎಂದು ಮೂರು ದಿನ ಖುಷಿಯಲ್ಲಿದ್ದೆ. ಶಾಲೆಯಲ್ಲಿ ಪಕ್ಷಿ ಸಂಘವೊಂದನ್ನು ಮಾಡಬಹುದೇ ಎಂದೂ ಯೋಚಿಸಿದ್ದೆ.

ಭಾನುವಾರ ಗುರುಮಲ್ಲಪ್ಪನವರು ಮನೆಗೆ ಬಂದರು. ಅರವತ್ತು ದಾಟಿದ, ಹಣೆ ತುಂಬ ವಿಭೂತಿ ಧರಿಸುವ, ಮಾತು ಕಡಮೆಯ ಮನುಷ್ಯ. ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ. ನೋಡಿದ ಜಾಗ ಕರಾರುವಾಕ್ಕಾಗಿ ಯಾವುದು, ಒಂದು ಗುರುತು ಮಾಡಿಕೊಡಬೇಕು ಎಂದರು. ಕರಾರುವಾಕ್ಕು ಎಂಬ ಮಾತು ಕೇಳಿದರೆ ನನಗೆ ಚಪ್ಪಲಿ ಮೆಟ್ಟುವಷ್ಟೂ ತಾಳ್ಮೆ ಇರುವುದಿಲ್ಲ. ಎರಡನೆಯ ಕಂಬದಿಂದ ಹನ್ನೆರಡು ಹೆಜ್ಜೆ ಅಳೆದು ಪೊದೆಯ ಮುಂದೆ ಸುಣ್ಣದಲ್ಲಿ ದುಂಡಗೆ ಗೆರೆ ಹಾಕಿಕೊಟ್ಟೆ. ಗೆರೆ ಮುಗಿದ ಮೇಲೆ, ಇದು ಯಾತಕ್ಕೆ ಎಂದು ಕೇಳಿದೆ. ಕೇಳುವ ಕ್ರಮ ಹಿಂದುಮುಂದಾಯಿತು.

"ಮಂಗಳ್ವಾರ ಅಮಾಸೆ. ಮಟಮಟ ಮದ್ಯಾನ ಪೊದೆಗೆ ಬೆಂಕಿ ಇಕ್ಬುಡನ ಅಂತ ತೀರ್ಮಾನ ಆಗದೆ. ಎಣ್ಣುಮಕ್ಕಳು ಒಲಕ್ಕೆ ಬರಾಕೆ ಎದರ್ತಾವರೆ ಮೇಷ್ಟ್ರೇ. ಕಳೆ ಕೀಳೋರಿಲ್ಲ. ನೀವು ನೋಡಿ ಯೇಳಿದ್ದು ಒಳ್ಳೇದೇ ಆಯ್ತು ಬುಡಿ."

ಆಗ ಮಾತ್ರ ನಾನು ಹೇಳಿದ ಮೂರು ಪದಗಳು ಊರು ಸುತ್ತಿ, ಸೀರೆ ಉಟ್ಟು, ಗೆಜ್ಜೆ ಕಟ್ಟಿಕೊಂಡು ನನ್ನ ಮುಂದೆ ಬಂದು ನಿಂತವು. ಅಯ್ಯೋ, ನಾನು ಹೇಳಿದ್ದು ನವಿಲು ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ರೋಗಿಗೆ ಜ್ವರ ಇಳಿಯಿತೇ ಎಂದು ನೋಡುವ ನೋಟ. ಅದನ್ನು ಸಾಬೀತು ಮಾಡಲೆಂದು ನಾನು ಪೊದೆಯ ಮುಳ್ಳು ಸರಿಸಿ ಒಳಗೆ ಇಣುಕಿದೆ. ಇತ್ತು. ಕತ್ತಾಳೆಯ ಬುಡದಲ್ಲಿ, ನೆಲ ಕೆದರಿ ಮಾಡಿಕೊಂಡ ತಗ್ಗಿನಲ್ಲಿ, ಒಂದು ಹೆಣ್ಣು ನವಿಲು ಕಾವು ಕೂತಿತ್ತು. ನಮ್ಮ ಉಸಿರು ತಾಗುವಷ್ಟು ಹತ್ತಿರವಾದಾಗ ಒಮ್ಮೆ ಎದ್ದು ಸರಿಯಿತು. ಕೆಳಗೆ ನಾಲ್ಕು ಮೊಟ್ಟೆ. ಮತ್ತೆ ಬಂದು ಕೂತಿತು. ನವಿಲಿನಲ್ಲಿ ಗೂಡಿನ ಕೆಲಸವೆಲ್ಲ ಹೆಣ್ಣಿನದೇ. ಗಂಡು ಕುಣಿದು ಮುಗಿಸಿ ಹೋದ ಮೇಲೆ ಸುಮಾರು ಇಪ್ಪತ್ತೆಂಟು ದಿನ ಅದು ಒಂಟಿಯಾಗಿ ನೆಲದ ಮೇಲೆ, ನರಿ ನಾಯಿಗಳ ನಡುವೆ ಕೂರಬೇಕು. ಅದಕ್ಕೇ ದೇವರು ಅದಕ್ಕೆ ಮಣ್ಣಿನ ಬಣ್ಣ ಕೊಟ್ಟದ್ದು.

ಮಣ್ಣಿನ ಬಣ್ಣ. ಅಲ್ಲೇ ಗುರುಮಲ್ಲಪ್ಪನವರು ನನ್ನನ್ನು ಹಿಡಿದರು. "ಇದು ಕಂದು. ನೀವು ನೋಡಿದ್ದು ಬಿಳಿ. ಇದು ಬ್ಯಾರೆ, ಅದು ಬ್ಯಾರೆ."

ನಾನು ಪಾಠ ಶುರುಮಾಡಿದೆ. ಮೂರು ಜಾತಿ, ಬಣ್ಣ ಬಾರದೆ ಹುಟ್ಟುವುದು, ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಈ ಸೀಮೆಯಲ್ಲಿ ತಮ್ಮ ತಾತನ ಕಾಲದಿಂದ ನವಿಲು ಮೊಳಕೆ ತಿನ್ನುತ್ತಿದೆ, ಬಿಳಿ ನವಿಲು ಬಂದು ತಿಂದದ್ದು ಯಾರೂ ಕಂಡಿಲ್ಲ ಎಂದರು. ಅದೂ ಸರಿಯೇ. ಸುಬ್ಬಪ್ಪನ ವಾಹನಕ್ಕೆ ತಾವು ಕೇಡು ಮಾಡುವವರಲ್ಲ, ಮೊಟ್ಟೆಗಳನ್ನು ಹುಲ್ಲಿನ ಬುಟ್ಟಿಯಲ್ಲಿಟ್ಟು ಆಚೆ ಬದುವಿನ ಮೇಲಿಟ್ಟರೆ ಆಯಿತು, ಆಮೇಲೆ ಬೆಂಕಿ, ಎಂದೂ ಹೇಳಿದರು. ಹಾಗೆ ಎತ್ತಿಟ್ಟರೆ ತಾಯಿ ಬರುವುದಿಲ್ಲ, ಮೊಟ್ಟೆ ಕೆಡುತ್ತದೆ ಎಂದೆ. ರಾಷ್ಟ್ರಪಕ್ಷಿ, ಕಾನೂನು ಎಂದೆ. ಕಾನೂನಿನ ಮಾತು ಬಂದಾಗ ಅವರು ನಕ್ಕರು.

"ಕಾನೂನು ಅಂದ್ರೆ ನಿಮ್ ಬರವಣಿಗೆ ಅಲ್ವಾ ಮೇಷ್ಟ್ರೇ? ಅಂಗಾರೆ ಬರ್ಕೊಡಿ. ಅವತ್ತು ನೋಡಿದ್ದು ಇದನ್ನೇ, ಬಣ್ಣ ಕಂದು ಅಂತ. ಇನ್ನೊಬ್ರ ರುಜು ಆಕ್ಸಿ. ಅಂಗಡೀಲಿ ಓದಿ ಯೇಳ್ತೀನಿ. ಎಣ್ಣುಮಕ್ಕಳು ಒಪ್ಪಿದ್ರೆ ಬೆಂಕಿ ಇಲ್ಲ."

ನ್ಯಾಯವಾದ ಮಾತು. ಆದರೆ ನಾನು ನೋಡಿದ್ದು ಕಂದಲ್ಲ. ಎಮ್ಮೆಯ ಕಾಲದಿಂದ ಇಲ್ಲಿಯವರೆಗೆ ಒಂದು ಸುಳ್ಳು ಮಹಜರಿಗೂ ನನ್ನ ರುಜು ಬಿದ್ದಿಲ್ಲ. ಸ್ವಂತ ಭಾವಮೈದುನನ ಬದುವಿನ ತಕರಾರಿನಲ್ಲಿ ಅವನ ವಿರುದ್ಧವೇ ಹೇಳಿ, ಹರವೆಯಲ್ಲಿರುವ ನನ್ನ ಅತ್ತೆಮನೆಯಲ್ಲಿ ಎರಡು ಯುಗಾದಿ ಒಬ್ಬಟ್ಟಿಲ್ಲದೆ ಕಳೆದವನು ನಾನು. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಸರೋಜಳ ಮುಂದೆ ಹೇಳಿಕೊಂಡೆ. ಸತ್ಯ ಹೇಳಿದರೆ ನಾಲ್ಕು ಮೊಟ್ಟೆ ಹೋಗುತ್ತದೆ, ಸುಳ್ಳು ಬರೆದರೆ ನಾನು ಹೋಗುತ್ತೇನೆ ಎಂದೆ. ಅವಳು ಸಾರು ಬಡಿಸುತ್ತಾ, "ನೀವು ಒಂಟೋದ್ರೆ ಇಪ್ಪತ್ತೆಂಟ್ ದಿನ ಕಾವು ಕೂರೋರು ಯಾರೂ ಇಲ್ಲ, ಬರ್ಕೊಟ್ಬುಡಿ," ಎಂದಳು.

ಸೋಮವಾರ ಬೆಳಿಗ್ಗೆ ಬಿಳಿ ಹಾಳೆಯ ಮೇಲೆ ದುಂಡಾಗಿ ಬರೆದೆ. ದಿನ, ಹೊತ್ತು, ಕಂಬ, ದಿಕ್ಕು, ಹೆಜ್ಜೆ, ಎಲ್ಲವೂ ಸತ್ಯ. ಕೊನೆಯ ಸಾಲು ಹೀಗೆ: 'ನಾನು ಕಂಡದ್ದು ಸದರಿ ಪೊದೆಯಲ್ಲಿ ಕಾವು ಕೂತಿರುವ ಹೆಣ್ಣು ನವಿಲನ್ನೇ. ಬಣ್ಣ ಕಂದು. ದಟ್ಟವಾಗಿ ಮಂಜು ಮುಸುಕಿದ್ದರಿಂದ ಬಿಳಿಯಾಗಿ ಕಂಡಿತು.' ಮಂಜು ಎಂದು ಬರೆಯುವಾಗ ಅಕ್ಷರ ಸ್ವಲ್ಪ ಓರೆಯಾಯಿತು.

ಎರಡನೆಯ ರುಜುವಿಗೆ ಯಾರೂ ಸಿಗಲಿಲ್ಲ. ಆ ಹೊತ್ತಿನಲ್ಲಿ ಆ ಕಡೆ ಇದ್ದವರು ಬೇಕಲ್ಲ. ಕೊನೆಗೆ ಶಾಲೆಯ ಬಿಸಿಯೂಟದ ಅಡುಗೆಯ ಚಿಕ್ಕತಾಯಮ್ಮ ಒಲೆಯ ಮುಂದಿನಿಂದ ತಾನಾಗಿಯೇ ಎದ್ದು ಬಂದಳು. ಅವಳ ಮನೆ ಆ ಹೊಲದ ಆಚೆ ಮಗ್ಗುಲಿಗೆ. ತಾನು ಆ ಗುರುವಾರ ಬೆಳಿಗ್ಗೆ ಅಣ್ಣೆಸೊಪ್ಪು ಕುಯ್ಯಲು ಪೊದೆಯ ಆಚೆ ಬದಿಯಲ್ಲಿ ಬಗ್ಗಿದ್ದೆ, ಮೇಷ್ಟ್ರು ಕಂಬಕ್ಕೆ ಅಂಟಿಕೊಂಡು ನಿಂತಿದ್ದನ್ನೂ ಕಂಡೆ ಎಂದಳು. ಆ ಸುದ್ದಿ ಬಾಲಣ್ಣನಿಗೆ ಹೇಗೆ ಮುಟ್ಟಿತ್ತೆಂದು ಆಗ ತಿಳಿಯಿತು. ನಾನು ಹಾಳೆಯನ್ನು ಓದಿ ಹೇಳಿದೆ. ಅವಳು ಸೆರಗಿನಲ್ಲಿ ಕೈಯೊರೆಸಿ ಪೆನ್ನು ಹಿಡಿದಳು.

"ಅವತ್ತು ಮಂಜಿತ್ತಾ ಸಾ?"

"ಇತ್ತು," ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ಒಂದೊಂದೇ ಅಕ್ಷರ ಜೋಡಿಸಿ ರುಜು ಹಾಕಿದಳು. ಹಾಳೆಯ ಅಂಚಿಗೆ ಸಾಂಬಾರಿನ ಒಂದು ಬೆರಳಿನ ಗುರುತು ಅಂಟಿತು.

ಅಂಗಡಿಯಲ್ಲಿ ಗುರುಮಲ್ಲಪ್ಪನವರು ಓದಿದರು. ಮಂಜಿನಲ್ಲಿ ನವಿಲನ್ನು ಕಂಡು ಮರಗಟ್ಟಿದ ಮೇಷ್ಟ್ರು ಎಂದು ಬೆಂಚಿನವರೆಲ್ಲ ನಕ್ಕರು. ಬಾಲಣ್ಣ ಮಾತ್ರ ಸ್ವಲ್ಪ ಬೇಸರಪಟ್ಟುಕೊಂಡ, ಅವನ ಸೀರೆ ವ್ಯರ್ಥವಾಯಿತು. ಮಂಗಳವಾರ ಬೆಂಕಿ ಬೀಳಲಿಲ್ಲ. ಹೆಂಗಸರು ಕಳೆಗೆ ಬಂದರು. ಎರಡು ವಾರ ಕಳೆದ ಮೇಲೆ ಆ ಹೆಣ್ಣು ಮೂರು ಮರಿಗಳನ್ನು ಹಿಂದೆ ಹಾಕಿಕೊಂಡು ಬದು ದಾಟಿದ್ದನ್ನು ನಾನೇ ಕಂಡೆ. ಮೂರೂ ಕಂದು. ನಾಲ್ಕನೆಯ ಮೊಟ್ಟೆ ತಗ್ಗಿನಲ್ಲಿ ಒಡೆಯದೆ ಉಳಿದಿತ್ತು. ಮುಟ್ಟಲು ಹೋದೆ, ಬಿಸಿಯಾಗಿತ್ತು, ಕೈ ಹಿಂದೆಗೆದೆ. ತಾಯಿ ಹೋಗಿ ಆಗಲೇ ಅರ್ಧ ದಿನವಾಗಿತ್ತು. ಬಿಸಿಲಿನ ಬಿಸಿ ಇರಬೇಕು. ಪೊದೆಯೊಳಗೆ ಬಿಸಿಲು ಬೀಳುವುದಿಲ್ಲ ಎಂಬುದು ಮನೆಗೆ ಬಂದು ಕೈತೊಳೆಯುವಾಗ ನೆನಪಾಯಿತು. ಮರುದಿನ ನೋಡಿದರೆ ಮೊಟ್ಟೆ ಇರಲಿಲ್ಲ. ಮುಂಗುಸಿ ಒಯ್ದಿರಬೇಕು ಎಂದು ಟಿಪ್ಪಣಿ ಮಾಡಿಕೊಂಡಿದ್ದೇನೆ.

ಇದಾದ ಮೇಲೆ ಒಂದು ದಿನ ಬಿಸಿಯೂಟದ ಪಾತ್ರೆಗಳು ಖಾಲಿಯಾದ ಹೊತ್ತಿನಲ್ಲಿ ಚಿಕ್ಕತಾಯಮ್ಮನಿಗೆ ಕೈ ಮುಗಿಯಲು ಹೋದೆ. ನಾಲ್ಕು ಜೀವಕ್ಕಾಗಿ ನನ್ನ ಜೊತೆ ಸುಳ್ಳಿಗೆ ರುಜು ಹಾಕಿದೆಯಲ್ಲ, ಮಂಜಿರಲಿಲ್ಲವೆಂದು ನಿನಗೂ ಗೊತ್ತಿತ್ತಲ್ಲ ಎಂದೆ. ಗೊತ್ತಿತ್ತು ಎಂದಳು. ಅದು ಬಿಳಿಯೇ ಇತ್ತು ಎಂದೂ ಹೇಳಿದಳು. ನನಗೆ ಎದೆ ಹಗುರಾಯಿತು. ನನ್ನ ಕಣ್ಣು ಕೆಟ್ಟಿಲ್ಲ. ಬಿಳಿ ನವಿಲುಗಳು ನಿಜಕ್ಕೂ ಉಂಟು, ಅದು ಬೇರೆ ಜಾತಿಯಲ್ಲ ಎಂದು ಮತ್ತೆ ಪಾಠ ಶುರುಮಾಡುವಷ್ಟರಲ್ಲಿ ಅವಳು ಸೌಟು ಕೆಳಗಿಟ್ಟು ಕೇಳಿದಳು.

"ಅದ್ರ ಜುಟ್ಟು ನೋಡುದ್ರಾ ಸಾ?"

ನನಗೆ ಕಂಬ ಎಷ್ಟನೆಯದೆಂದು ಗೊತ್ತು. ಹೆಜ್ಜೆ ಗೊತ್ತು, ದಿಕ್ಕು ಗೊತ್ತು, ಗಡಿಯಾರದ ಎರಡು ನಿಮಿಷವೂ ಗೊತ್ತು. ಹನ್ನೊಂದು ಉಸಿರು ಅದು ನನ್ನನ್ನೇ ನೋಡಿತ್ತು. ತಲೆಯ ಮೇಲೆ ಏನಿತ್ತೆಂದು ನಾನು ನೋಡಿರಲಿಲ್ಲ.

"ನಂಗೆ ಅತ್ರಾನೇ ಇತ್ತು," ಎಂದಳು ಚಿಕ್ಕತಾಯಮ್ಮ. "ಜುಟ್ಟಿರ್ನಿಲ್ಲ ಕಣ್ ಸಾ."

ಈ ವರ್ಷದ ನವಿಲಿನ ಪಾಠವನ್ನು ಇನ್ನೂ ಮಾಡಿಲ್ಲ. ಬೋರ್ಡಿನ ಮೇಲೆ ಆ ಸಾಲು ಬರೆದು ಕೆಳಗೆ ಎರಡು ಗೆರೆ ಎಳೆಯಬೇಕಲ್ಲ, ಅದಕ್ಕೆ ಧೈರ್ಯ ಸಾಲದು. ಮಕ್ಕಳಿಗೆ ಹೂವಿನ ಭಾಗಗಳನ್ನು ಮೂರನೆಯ ಸಲ ಕಲಿಸುತ್ತಿದ್ದೇನೆ. ಹಾಲಿಗೆ ಈಗ ಸರೋಜಳೇ ಹೋಗುತ್ತಾಳೆ. ಇವರಿಗೆ ಮೊಣಕಾಲು ನೋವು ಎಂದು ಅಕ್ಕಪಕ್ಕದವರಿಗೆ ಹೇಳಿದ್ದಾಳೆ. ಅದೂ ಸುಳ್ಳು, ಅದಕ್ಕೂ ನನ್ನ ಒಪ್ಪಿಗೆಯಿದೆ.

ಕಂಡವರ ವಿವರ ಬರೆಯದೆ ಮುಗಿಸಿದರೆ ಪಂಚನಾಮೆ ಊರ್ಜಿತವಾಗುವುದಿಲ್ಲ. ಸದರಿ ಗುರುವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಅದನ್ನು ಕಂಡು, ಇಂದಿಗೂ ಬದುಕಿರುವವರು: ಬಿಸಿಯೂಟದ ಚಿಕ್ಕತಾಯಮ್ಮ, ಅವಳ ಮಾತಿಗೆ ಅವಳು ಈಗಲೂ ಬದ್ಧಳು. ಸೂರ್ಯಕಾಂತಿಯ ಹೊಲದಲ್ಲಿದ್ದ ಆರು ನವಿಲುಗಳು, ಎರಡು ಗಂಡು, ನಾಲ್ಕು ಹೆಣ್ಣು. ನಿನ್ನೆಯೂ ಅಲ್ಲೇ ಮೇಯುತ್ತಿದ್ದವೆಂದು ಸರೋಜ ಹೇಳಿದಳು. ಮತ್ತು ನಾನು. ಇವರೆಲ್ಲರ ಪೈಕಿ, ಆ ದಿನ ಮಂಜಿತ್ತು ಎಂಬುದಕ್ಕೆ ರುಜು ಎರಡಿದ್ದರೂ, ಬರೆದುಕೊಟ್ಟವನು ನಾನೊಬ್ಬನೇ.